ಪೈಲ್ ಲೋಡ್ ಟೆಸ್ಟ್ ಎಡವಟ್ಟಾದಾಗ: ತಪ್ಪು ಪೈಲ್‌ದೋ, ಟೆಸ್ಟ್‌ದೋ?

ಪೈಲ್ ಅಂದರೆ ಕಟ್ಟಡದ ಭಾರವನ್ನು ಆಳದ ನೆಲಕ್ಕೆ ಮುಟ್ಟಿಸುವ ಕಂಬ. ಅದರ ತಲೆಯ ಮೇಲೆ ಜಾಕ್‌ನಿಂದ ಭಾರ ಒತ್ತಿ, ಎಷ್ಟು ಇಳಿಯಿತು ಅಂತ ಗೇಜ್‌ನಲ್ಲಿ ಓದುವುದೇ ಲೋಡ್ ಟೆಸ್ಟ್. ಪೈಲ್ ಟೆಸ್ಟ್ 'ಫೇಲ್' ಅಂತ ಸುದ್ದಿ ಬಂದರೆ ಸೈಟ್‌ನಲ್ಲಿ ಕೂಡಲೇ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ಗುತ್ತಿಗೆದಾರರ ಕಡೆಯವರು 'ಗೇಜ್ ಸರಿ ಇಲ್ಲ ಸಾರ್' ಅನ್ನುತ್ತಾರೆ. ಮಾಲೀಕರ ಕಡೆಯವರು 'ಪೈಲೇ ಸರಿ ಇಲ್ಲ' ಅನ್ನುತ್ತಾರೆ. ಇಬ್ಬರಲ್ಲಿ ಯಾರೂ ಇನ್ನೂ ಗುಂಡಿಗೆ ಇಳಿದು ನೋಡಿರುವುದಿಲ್ಲ.

ನೋಡುವುದಕ್ಕೂ ಒಂದು ಕ್ರಮ ಇದೆ. ನೆಲದ ಮೇಲಿರುವುದನ್ನು ಮೊದಲು ನೋಡಿ: ಗೇಜ್, ಜಾಕ್, ಪೈಲ್ ತಲೆ. ಇದಕ್ಕೆ ಕಾಸು ಖರ್ಚಿಲ್ಲ. ಆಮೇಲೆ ಪೈಲ್ ಹಾಕಿದ ದಿನದ ದಾಖಲೆ. ಕೊನೆಗೆ ನೆಲದ ಕೆಳಗಿನದು. ಅಲ್ಲಿಗೆ ಹೋದರೆ ದುಡ್ಡೂ ಬೇಕು, ಪರಿಣತರೂ ಬೇಕು.

ಲೆಕ್ಕಕ್ಕೆ ಅನುಕೂಲವಾಗಲಿ ಅಂತ ಉದ್ದಕ್ಕೂ ಒಂದೇ ಪೈಲ್ ಇಟ್ಟುಕೊಳ್ಳೋಣ. ಮಂಗಳೂರು ಕಡೆಯ ಅಪಾರ್ಟ್‌ಮೆಂಟ್ ಒಂದಕ್ಕೆ ಕೊರೆದು ಕಾಂಕ್ರೀಟ್ ತುಂಬಿದ ಪೈಲ್ ಅಂದುಕೊಳ್ಳಿ. ವ್ಯಾಸ 600 ಮಿ.ಮೀ., ಉದ್ದ 20 ಮೀಟರ್, ಎಂ30 ದರ್ಜೆಯ ಕಾಂಕ್ರೀಟ್, ವಿನ್ಯಾಸದ ಭಾರ 80 ಟನ್. ಭಾರತೀಯ ಮಾನಕ ಐಎಸ್ 2911ರ 4ನೇ ಭಾಗದ ಪ್ರಕಾರ ರೊಟೀನ್ ಟೆಸ್ಟ್‌ಗೆ, ಅಂದರೆ ಕಟ್ಟಡಕ್ಕೇ ಬಳಸುವ ಪೈಲ್ ಮೇಲೆ ಮಾಡುವ ಟೆಸ್ಟ್‌ಗೆ, ಒಂದೂವರೆ ಪಟ್ಟು, ಅಂದರೆ 120 ಟನ್ ಹಂತ ಹಂತವಾಗಿ ಹೇರಬೇಕು. ಅಷ್ಟು ಭಾರಕ್ಕೆ ಪೈಲ್ 12 ಮಿ.ಮೀ.ಗಿಂತ ಜಾಸ್ತಿ ಇಳಿಯಬಾರದು. ಜಾಕ್ ಒತ್ತಿಕೊಳ್ಳಲು ಮೇಲೆ ಇಡುವ ಹೇರು, ಅಂದರೆ ಕೆಂಟ್ಲೆಡ್ಜ್, ಟೆಸ್ಟ್ ಭಾರಕ್ಕಿಂತ ಕನಿಷ್ಠ ಶೇ. 25 ಹೆಚ್ಚಿರಬೇಕು. ಇಲ್ಲಿ 150 ಟನ್.

ಏನೇ ನೋಡುವ ಮುಂಚೆ

150 ಟನ್ ಮರಳು ಚೀಲ ಉಕ್ಕಿನ ಗರ್ಡರ್ ಮೇಲೆ, ಗರ್ಡರ್ ಎರಡೂ ಬದಿಯ ಆಧಾರದ ಗೋಡೆ ಮೇಲೆ ಕೂತಿದೆ. ಅದರ ಕೆಳಗೆ ತಲೆ ಬಗ್ಗಿಸಿ ಹೋಗಿ ಗೇಜ್ ಓದುವ ಹುಡುಗ ಇದ್ದಾನೆ. ಈ ಚಿತ್ರ ಮನಸ್ಸಿನಲ್ಲಿರಲಿ. ಜಾಕ್‌ಗೆ ಎಣ್ಣೆ ಒತ್ತುವ ಪಂಪ್ ಯಾವಾಗಲೂ ಹೇರಿನ ನೆರಳಿನಿಂದ ಆಚೆ ಇರಬೇಕು. ಪಂಪ್ ಹೊಡೆಯುತ್ತಿರುವಾಗ ಕೆಳಗೆ ಯಾರೂ ಇರಬಾರದು. ಭಾರ ನಿಂತ ಮೇಲೆ ಒಬ್ಬರೇ ಹೋಗಿ ಓದಿ ಬರಬೇಕು. ದೂರದಿಂದ ಓದುವ ಡಿಜಿಟಲ್ ಗೇಜ್ ಸಿಕ್ಕರೆ ಇನ್ನೂ ಒಳ್ಳೆಯದು.

ಹೇರು ಒಂದು ಕಡೆ ವಾಲಿದರೆ, ಗರ್ಡರ್ ಕಿರುಗುಟ್ಟಿದರೆ, ಚೀಲ ಹರಿದು ಮರಳು ಸುರಿದರೆ, ಅಥವಾ ಆಧಾರದ ಗೋಡೆಯ ಬುಡದಲ್ಲಿ ಮಣ್ಣು ಬಿರಿದರೆ ಟೆಸ್ಟ್ ನಿಲ್ಲಿಸಿ. ದೂರದಿಂದಲೇ ಪ್ರೆಷರ್ ನಿಧಾನವಾಗಿ ಇಳಿಸಿ. ಕರಾವಳಿಯ ಮಳೆಗಾಲದಲ್ಲಿ ಇದು ಇನ್ನೂ ಜಾಸ್ತಿ ಕಾಡುತ್ತದೆ. ಚೀಲ ನೆನೆದು ಹೇರಿನ ತೂಕ ಏರುತ್ತದೆ, ಅದೇ ಹೊತ್ತಿಗೆ ಆಧಾರದ ಕೆಳಗಿನ ಮಣ್ಣು ಮೆತ್ತಗಾಗುತ್ತದೆ. ಜೋರು ಮಳೆಯ ರಾತ್ರಿ ಟೆಸ್ಟ್ ಮುಂದುವರಿಸಲೇಬೇಕು ಅಂತ ಯಾರಾದರೂ ಹಟ ಹಿಡಿದರೆ ಬಗ್ಗಬೇಡಿ.

ಮಧ್ಯಾಹ್ನ ಇಳಿಯುತ್ತದೆ, ಸಂಜೆ ಮೇಲೆ ಬರುತ್ತದೆ

ಭಾರ ಬದಲಾಗಿಲ್ಲ. ಆದರೂ ಹನ್ನೆರಡು ಗಂಟೆಯ ಹೊತ್ತಿಗೆ ಗೇಜ್ ಅರ್ಧ ಮಿ.ಮೀ. ಇಳಿತ ತೋರಿಸುತ್ತದೆ. ಸೂರ್ಯ ಇಳಿದ ಮೇಲೆ ಅದೇ ಇಳಿತ ಮಾಯ. ಪೈಲ್‌ಗೆ ಹೊತ್ತು ಗೊತ್ತಾಗುವುದಿಲ್ಲ. ಗೊತ್ತಾಗುವುದು ಗೇಜ್ ಕೂರಿಸಿದ ಉಕ್ಕಿನ ತೊಲೆಗೆ, ಅಂದರೆ ಡೇಟಮ್ ಬಾರ್‌ಗೆ.

ಡಯಲ್ ಗೇಜ್ ಪೈಲ್ ಎಷ್ಟು ಇಳಿಯಿತು ಅಂತ ನೇರವಾಗಿ ಹೇಳುವುದಿಲ್ಲ. ಅದು ಕೂತಿರುವ ಉಕ್ಕಿನ ಬಾರ್‌ಗೂ ಪೈಲ್ ತಲೆಗೂ ನಡುವಿನ ಅಂತರ ಎಷ್ಟು ಬದಲಾಯಿತು ಅಂತ ಹೇಳುತ್ತದೆ. ಬಾರ್ ಮೇಲೆದ್ದರೂ ಗೇಜ್‌ಗೆ ಪೈಲ್ ಇಳಿದ ಹಾಗೇ ಕಾಣುತ್ತದೆ. ಬಾರ್‌ನ ಆಧಾರ ಪೈಲ್ ಅಂಚಿನಿಂದ ವ್ಯಾಸದ ಮೂರು ಪಟ್ಟು ದೂರ ಇರಬೇಕು, 1.5 ಮೀಟರ್‌ಗಿಂತ ಕಡಿಮೆಯಂತೂ ಆಗಬಾರದು. ನಮ್ಮ ಪೈಲ್‌ಗೆ ಅದು 1.8 ಮೀಟರ್. ಎರಡೂ ಕಡೆ ಸೇರಿ ಬಾರ್ 4.2 ಮೀಟರ್ ಉದ್ದ ಆಯಿತು. ಆ ಬಾರ್ 150 ಮಿ.ಮೀ. ಎತ್ತರದ್ದು, ಬಿಸಿಲಿಗೆ ಅದರ ಮೇಲ್ಮೈ ಕೆಳಮೈಗಿಂತ ಬರೀ 5 ಡಿಗ್ರಿ ಹೆಚ್ಚು ಕಾಯಿತು ಅಂದುಕೊಳ್ಳಿ. ನಡುವೆ ಅದು ಹತ್ತಿರ ಹತ್ತಿರ 0.9 ಮಿ.ಮೀ. ಮೇಲಕ್ಕೆ ಬಾಗುತ್ತದೆ. ಇನ್ನೊಂದು ಕಡೆ, ಮುಂದಿನ ಹಂತಕ್ಕೆ ಹೋಗಬಹುದೋ ಇಲ್ಲವೋ ಅಂತ ನಾವು ತೀರ್ಮಾನ ಮಾಡುವುದು ಅರ್ಧ ಗಂಟೆಯಲ್ಲಿ 0.1 ಮಿ.ಮೀ. ಇಳಿತ ನೋಡಿ. ಬಿಸಿಲಿನ ಆಟ ಅದರ ಒಂಬತ್ತು ಪಟ್ಟು!

ಪರಿಹಾರ ಅಗ್ಗ. ಟಾರ್ಪಾಲ್ ಕಟ್ಟಿ. ಬಾರ್‌ನ ಒಂದು ತುದಿ ಬಿಗಿಯಾಗಿರಲಿ, ಇನ್ನೊಂದು ತುದಿ ಜಾರುವಂತೆ ಬಿಡಿ. ಭಾರ ಹಾಕುವ ಮುಂಚೆಯೇ ಒಂದು ಹಗಲು ಸುಮ್ನೆ ಗೇಜ್ ಓದಿ ಬರೆದಿಟ್ಟುಕೊಂಡರೆ ಬಾರ್ ಎಷ್ಟು ಕುಣಿಯುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ಇದನ್ನು ಮಾಡುವ ಸೈಟ್‌ಗಳು ಕಡಿಮೆ.

ಬಿಸಿಲಿಲ್ಲದಿದ್ದರೂ ಬಾರ್ ಏಳಬಹುದು. ಶುರುವಿನಲ್ಲಿ 150 ಟನ್ನೂ ಆಧಾರದ ಗೋಡೆಗಳ ಮೂಲಕ ನೆಲದ ಮೇಲೆ ಕೂತಿರುತ್ತದೆ. ಜಾಕ್ ಒತ್ತುತ್ತಾ ಹೋದ ಹಾಗೆ ಆ ನೆಲ ಹಗುರಾಗುತ್ತದೆ, ತುಸು ಉಬ್ಬುತ್ತದೆ. ಬಾರ್‌ನ ಕಾಲು ಗೋಡೆಗೆ ಹತ್ತಿರ ಇದ್ದರೆ ಅದೂ ಜೊತೆಗೇ ಏಳುತ್ತದೆ. ದೂರದ ಗಟ್ಟಿ ಜಾಗದಲ್ಲಿ ಒಂದು ಗುರುತು ಮಾಡಿ, ಆಟೋ ಲೆವೆಲ್ (ಎತ್ತರ ಅಳೆಯುವ ಸರ್ವೆ ಸಾಧನ) ಇಟ್ಟು, ಪ್ರತಿ ಹಂತದಲ್ಲೂ ಬಾರ್‌ನ ಎರಡೂ ತುದಿ ನೋಡಿ. ಲೆವೆಲ್‌ಗೆ ಗೇಜ್‌ನಷ್ಟು ಸೂಕ್ಷ್ಮ ಇಲ್ಲ, ನಿಜ. ಆದರೆ ಬಾರ್ 2-3 ಮಿ.ಮೀ. ಎದ್ದಿದ್ದರೆ ಅಷ್ಟು ಸಾಕು.

ಮುಳ್ಳು ಇದ್ದಕ್ಕಿದ್ದಂತೆ ಹಾರಿತು

ವ್ಯತ್ಯಾಸ ಸರಿಯಾಗಿ 1.00 ಮಿ.ಮೀ. ಇದ್ದರೆ ಓದಿದವರನ್ನು ಕೇಳಿ. ದೊಡ್ಡ ಮುಳ್ಳು ಒಂದು ಸುತ್ತು ಬಂದರೆ 1 ಮಿ.ಮೀ. ಎಷ್ಟು ಸುತ್ತು ಅಂತ ಎಣಿಸುವುದು ಒಳಗಿನ ಸಣ್ಣ ಮುಳ್ಳು. ನಡುರಾತ್ರಿ ಟಾರ್ಚ್ ಬೆಳಕಲ್ಲಿ ಅದನ್ನು ಬಿಟ್ಟುಬಿಡುವುದು ಸುಲಭ.

ಬೇರೆ ಯಾವುದಾದರೂ ಅಂಕಿ ಬಂದರೆ ಗೇಜ್‌ನ ಮ್ಯಾಗ್ನೆಟ್ ಜಾರಿದೆಯೋ, ಬಾರ್‌ಗೆ ಯಾರಾದರೂ ಕಾಲು ತಾಗಿಸಿದರೋ, ಪಕ್ಕದಲ್ಲಿ ಕೊರೆಯುವ ಯಂತ್ರ, ಅಂದರೆ ರಿಗ್, ಅಥವಾ ಲಾರಿ ಓಡಾಡಿತೋ ನೋಡಿ. ಎರಡು ಗೇಜ್‌ಗಳಲ್ಲಿ ಒಂದು ಮಾತ್ರ ಹಾರಿದ್ದರೆ ಅನುಮಾನ ಗೇಜ್ ಮೇಲೆ. ಎರಡೂ ಒಟ್ಟಿಗೆ, ಒಂದೇ ದಿಕ್ಕಿಗೆ ಹಾರಿದ್ದರೆ ಬಾರ್ ಅಥವಾ ಪೈಲ್.

ಪ್ರೆಷರ್ ನಿಲ್ಲುತ್ತಿಲ್ಲ

ಪಂಪ್ ಹೊಡೆದು ಬಿಟ್ಟರೆ ಐದು ನಿಮಿಷಕ್ಕೆ ಪ್ರೆಷರ್ ಗೇಜ್ ಇಳಿಯುತ್ತದೆ. ಆಗ ಡಯಲ್ ಗೇಜ್ ನೋಡಿ. ಅರ್ಧ ಉತ್ತರ ಅಲ್ಲೇ ಇದೆ.

ಪ್ರೆಷರ್ ಇಳಿಯುತ್ತಿದೆ, ಡಯಲ್ ನಿಂತಿದೆ ಅಂದರೆ ಎಣ್ಣೆ ಸೋರುತ್ತಿದೆ. ಹೋಸ್ ಜೋಡಣೆ, ಪಂಪ್‌ನ ರಿಲೀಸ್ ವಾಲ್ವ್, ಜಾಕ್ ಸೀಲ್, ಈ ಕ್ರಮದಲ್ಲಿ ನೋಡಿ. ಸೋರುವ ಜಾಗವನ್ನು ಕೈಯಿಂದ ಮುಟ್ಟಿ ಹುಡುಕಬೇಡಿ. ಆ ಒತ್ತಡದಲ್ಲಿ ಕೂದಲೆಳೆಯಷ್ಟು ಎಣ್ಣೆ ಧಾರೆಯೂ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಲೇಬೇಕಾದ ಗಾಯ ಅದು. ರಟ್ಟಿನ ತುಂಡು ಹಿಡಿದು ನೋಡಿ. ಪ್ರೆಷರ್ ಪೂರ್ತಿ ಇಳಿಸದೆ ನಟ್ಟಿಗೆ ಸ್ಪ್ಯಾನರ್ ಹಾಕಬೇಡಿ.

ಪ್ರೆಷರ್ ಇಳಿಯುತ್ತಿದೆ, ಡಯಲ್ ಓಡುತ್ತಿದೆ ಅಂದರೆ ಪೈಲ್ ನಿಜವಾಗಿಯೂ ಇಳಿಯುತ್ತಿರಬಹುದು. ಮತ್ತೆ ಪಂಪ್ ಹೊಡೆದು ಭಾರ ಕಾಯ್ದುಕೊಳ್ಳಿ, ಓದುತ್ತಾ ಇರಿ. ಅದರ ಮಾತು ಮುಂದೆ ಇದೆ.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು. ಪಂಪ್ ಹೊಡೆಯುತ್ತಿದ್ದೀರಿ, ಜಾಕ್‌ನ ರಾಮ್ (ಎಣ್ಣೆಯ ಒತ್ತಡಕ್ಕೆ ಚಾಚುವ ದಂಡ) ಹೊರಗೆ ಬರುತ್ತಿದೆ, ಪ್ರೆಷರ್ ಮಾತ್ರ ಏರುತ್ತಿಲ್ಲ, ಡಯಲ್ಲೂ ಅಲ್ಲಾಡುತ್ತಿಲ್ಲ. ಪೈಲ್ ಕೆಳಗೆ ಹೋಗದೆ ರಾಮ್ ಉದ್ದ ಆಗುತ್ತಿದ್ದರೆ ಮೇಲಿನ ಹೇರೇ ಏಳುತ್ತಿದೆ ಅಂತ ಅರ್ಥ. ಅಲ್ಲಿಗೇ ನಿಲ್ಲಿಸಿ. ಕಾರಣ ಎಷ್ಟೋ ಸಲ ಚೀಲದ ತೂಕ. ಚೀಲಕ್ಕೆ 50 ಕೆ.ಜಿ. ಅಂತ 3,000 ಚೀಲ ಎಣಿಸಿದರೆ 150 ಟನ್. ಚೀಲದಲ್ಲಿ ಇರುವುದು 40 ಕೆ.ಜಿ. ಆದರೆ ಒಟ್ಟು 120 ಟನ್ ಅಷ್ಟೇ. ಮೊದಲೇ ಹತ್ತಾರು ಚೀಲ ತೂಗಿ ಸರಾಸರಿ ತೆಗೆದಿದ್ದರೆ ಈ ಪಾಡಿರುತ್ತಿರಲಿಲ್ಲ.

ಗೇಜ್ ಸರಿ, ಜಾಕ್ ಸರಿ, ಆದರೂ 12 ದಾಟಿತು

ಪೈಲ್ ಮೇಲೆ ಗೂಬೆ ಕೂರಿಸುವ ಮುಂಚೆ ನಿಜವಾಗಿ ಎಷ್ಟು ಟನ್ ಹೇರಿದ್ದೀರಿ ಅಂತ ಮತ್ತೆ ಲೆಕ್ಕ ಹಾಕಿ. ರಾಮ್ ವ್ಯಾಸ 200 ಮಿ.ಮೀ. ಇದ್ದರೆ ಅದರ ಅಡ್ಡಕೊಯ್ತ 314 ಚದರ ಸೆಂ.ಮೀ. 120 ಟನ್‌ಗೆ ಚದರ ಸೆಂ.ಮೀ.ಗೆ 382 ಕೆ.ಜಿ. ಒತ್ತಡ ಬೇಕು. ಸೈಟ್‌ಗೆ ಬಂದ ಜಾಕ್ ಬೇರೆ, ರಾಮ್ 220 ಮಿ.ಮೀ.ದು, ಲೆಕ್ಕದ ಹಾಳೆ ಮಾತ್ರ ಹಳೆಯದು ಅಂದುಕೊಳ್ಳಿ. ಅದೇ 382ಕ್ಕೆ ಪೈಲ್ ಮೇಲೆ ಬಿದ್ದದ್ದು 145 ಟನ್! ಪಾಪ, ಪೈಲ್ ಸೋತಿರಲಿಕ್ಕಿಲ್ಲ. ರಾಮ್ 180 ಮಿ.ಮೀ. ಇದ್ದರೆ ಉಲ್ಟಾ. ಬಿದ್ದದ್ದು 97 ಟನ್, ಸಿಕ್ಕಿದ್ದು 'ಪಾಸ್' ಸರ್ಟಿಫಿಕೇಟ್. ಈ ಎರಡನೆಯದರ ಬಗ್ಗೆ ಯಾರೂ ದೂರು ಕೊಡುವುದಿಲ್ಲ, ಅಲ್ವಾ?

ರಾಮ್ ಅಳೆಯಿರಿ. ಜಾಕ್ ಮತ್ತು ಪ್ರೆಷರ್ ಗೇಜ್‌ನ ಕ್ಯಾಲಿಬ್ರೇಷನ್ ಪತ್ರದಲ್ಲಿರುವ ಸೀರಿಯಲ್ ನಂಬರ್ ಸೈಟ್‌ನಲ್ಲಿರುವುದಕ್ಕೆ ತಾಳೆ ಆಗುತ್ತದೆಯೇ ನೋಡಿ. ಪ್ರೆಷರ್ ಗೇಜ್ ಚದರ ಸೆಂ.ಮೀ.ಗೆ ಕೆ.ಜಿ. ಲೆಕ್ಕದ್ದೋ, 'ಬಾರ್' ಅನ್ನುವ ಒತ್ತಡದ ಅಳತೆಯದ್ದೋ, ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಲೆಕ್ಕದ್ದೋ ನೋಡಿ. ಭಾರವನ್ನು ನೇರವಾಗಿ ಅಳೆಯುವ ಲೋಡ್ ಸೆಲ್ ಇದ್ದರೆ ಈ ಜಗಳವೇ ಇರುವುದಿಲ್ಲ.

ಒಂದು ಗೇಜ್ 2, ಎದುರಿನದು 7

ಸರಾಸರಿ 4.5 ಅಂತ ಬರೆದು ಮುಂದೆ ಹೋಗಬೇಡಿ. ಪೈಲ್ ತಲೆ ಓರೆಯಾಗುತ್ತಿದೆ. ಜಾಕ್ ನಡುವಿಗೆ ಕೂತಿಲ್ಲ, ಅಥವಾ ಪೈಲ್ ತಲೆ ಸಮ ಇಲ್ಲ, ಅಥವಾ ಮೇಲಿನ ಗರ್ಡರ್ ಓರೆ. ಭಾರ ಇಳಿಸಿ, ಜಾಕ್ ಸರಿಯಾಗಿ ಕೂರಿಸಿ, ಮತ್ತೆ ಶುರು ಮಾಡಿ. ಓರೆ ಬಿದ್ದ ಜಾಕ್ ಚಿಮ್ಮಿ ಹೊರಬರಬಹುದು. ಹಾಗಾಗಿ ಇದು ರೀಡಿಂಗ್ ಸಮಸ್ಯೆಗಿಂತ ಮೊದಲು ಜೀವದ ಸಮಸ್ಯೆ.

ಮೊದಲ ಎರಡು ಹಂತದಲ್ಲೇ ಧಡಕ್ಕನೆ ಇಳಿದು, ಆಮೇಲೆ ಸರಿಹೋಯಿತು

16 ಟನ್‌ಗೇ 3 ಮಿ.ಮೀ. ಇಳಿತ. ಮುಂದಿನ ಹಂತಗಳಲ್ಲಿ ಅಚ್ಚುಕಟ್ಟು. ಹೀಗಿದ್ದರೆ ಪೈಲ್ ತಲೆ ನೋಡಿ. ಕಾಂಕ್ರೀಟ್ ತುಂಬುವಾಗ ಮೇಲೆ ಬಂದ ಸತ್ವ ಇಲ್ಲದ ಕಾಂಕ್ರೀಟನ್ನು ಪೂರ್ತಿ ಒಡೆದು ತೆಗೆದಿರುವುದಿಲ್ಲ. ಅಥವಾ ಜಾಕ್ ಕೂರುವ ಪ್ಲೇಟ್ ಕೆಳಗೆ ಸಮ ಮಾಡಲು ಹಾಕಿದ ಪ್ಲಾಸ್ಟರ್ ಆಫ್ ಪ್ಯಾರಿಸ್ ದಪ್ಪಗಾಗಿ ಪುಡಿಯಾಗಿರುತ್ತದೆ. ಪ್ಲೇಟ್ ಇಳಿಯುತ್ತಿದೆ, ಪೈಲ್ ಇಳಿಯುತ್ತಿಲ್ಲ.

ಖಚಿತ ಮಾಡಿಕೊಳ್ಳುವುದು ಸುಲಭ. ತಲೆಯಿಂದ ಸ್ವಲ್ಪ ಕೆಳಗೆ, ಪೈಲ್‌ನ ಮೈಗೆ ಒಂದು ಆಂಗಲ್ ತುಂಡು ಬಿಗಿದು ಅದರ ಮೇಲೆ ಇನ್ನೊಂದು ಗೇಜ್ ಇಡಿ. ಎರಡೂ ಒಂದೇ ಹೇಳಿದರೆ ಪೈಲ್ ಇಳಿಯುತ್ತಿದೆ. ಪ್ಲೇಟ್ ಮೇಲಿನದು ಮಾತ್ರ ಓಡಿದರೆ ತಲೆ ಕೆಟ್ಟಿದೆ. ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಒಡೆದು, ಸಮ ಮಾಡಿ, ಹೊಸದಾಗಿ ಟೆಸ್ಟ್ ಮಾಡಿ.

ಇಲ್ಲಿ ಒಂದು ಲೆಕ್ಕ ಕೈಯಲ್ಲಿರಲಿ. ಕಾಂಕ್ರೀಟ್ ಕೂಡ ಒತ್ತಿದರೆ ಗಿಡ್ಡ ಆಗುತ್ತದೆ. ನಮ್ಮ ಪೈಲ್‌ನಲ್ಲಿ 120 ಟನ್ ಪೂರ್ತಿ ತಳದವರೆಗೆ ಮುಟ್ಟಿದರೆ ಹಾಗೆ ಗಿಡ್ಡ ಆಗುವುದೇ ಸುಮಾರು 3 ಮಿ.ಮೀ. ಆಗುತ್ತದೆ. ಸುತ್ತಲಿನ ಮಣ್ಣು ಭಾರದಲ್ಲಿ ಪಾಲು ತೆಗೆದುಕೊಂಡರೆ ಅದಕ್ಕಿಂತ ಕಡಿಮೆ. ಈ ಇಳಿತ ದೋಷ ಅಲ್ಲ, ಭಾರ ತೆಗೆದರೆ ವಾಪಸ್ ಬರುತ್ತದೆ. ಅದಕ್ಕೇ ಭಾರ ಇಳಿಸುವಾಗಲೂ ಪ್ರತಿ ಹಂತದಲ್ಲಿ ಓದಬೇಕು. 11 ಮಿ.ಮೀ. ಇಳಿದ ಪೈಲ್ 8 ಮಿ.ಮೀ. ಮೇಲೆ ಬಂದರೆ ಒಂದು ಕಥೆ, ಎರಡೇ ಮಿ.ಮೀ. ಬಂದರೆ ಬೇರೆಯೇ ಕಥೆ. ಎರಡನೆಯ ಪೈಲ್ 9 ಮಿ.ಮೀ.ನಷ್ಟು ಶಾಶ್ವತವಾಗಿ ಕೆಳಗೆ ಹೋಗಿದೆ. ಕಾಗದದಲ್ಲಿ ಎರಡೂ 'ಪಾಸ್'.

ಮೊದಲು ಚೆನ್ನಾಗಿತ್ತು, ಒಂದು ಹಂತದಿಂದ ಇಳಿಯುತ್ತಲೇ ಇದೆ

60-70 ಟನ್‌ವರೆಗೆ ಒಂದೆರಡು ಮಿ.ಮೀ. ಅಷ್ಟೇ. ಆಮೇಲೆ ಪ್ರತಿ ಹಂತಕ್ಕೂ ನಾಲ್ಕೈದು. ಇಷ್ಟು ಹೊತ್ತು ಸುತ್ತಲಿನ ಮಣ್ಣಿನ ಘರ್ಷಣೆ ಭಾರ ಹಿಡಿದಿತ್ತು. ಅದು ಮುಗಿಯಿತು. ಈಗ ಭಾರ ತಳಕ್ಕೆ ಹೋಗಿದೆ, ತಳ ಹಿಡಿಯುತ್ತಿಲ್ಲ.

ಮುಂದೆ ಏನಾಗುತ್ತದೆ ಅನ್ನುವುದು ಮುಖ್ಯ. ಸ್ವಲ್ಪ ಇಳಿದು ಮತ್ತೆ ಗಟ್ಟಿಯಾದರೆ ತಳದಲ್ಲಿ ಕೆಸರು ಉಳಿದಿತ್ತು, ಅದು ಅದುಮಿತು ಅನ್ನಬಹುದು. ಗಟ್ಟಿಯೇ ಆಗದೆ, ಎಷ್ಟು ಪಂಪ್ ಹೊಡೆದರೂ ಪೈಲ್ ಇಳಿಯುತ್ತಲೇ ಇದ್ದರೆ ಅದರ ಶಕ್ತಿ ಮುಗಿದಿದೆ. ಜಾಕ್‌ನ ರಾಮ್ ಕೊನೆ ಮುಟ್ಟುವವರೆಗೆ ಕಾಯಬೇಡಿ. ಆ ಭಾರ, ಆ ಇಳಿತ ಬರೆದುಕೊಂಡು ಹಂತ ಹಂತವಾಗಿ ಇಳಿಸಿ.

ಈಗ ಪೈಲ್ ಹಾಕಿದ ದಿನದ ದಾಖಲೆ ತೆಗೆಯಿರಿ. ಮೊದಲು ಕಾಂಕ್ರೀಟ್ ಪ್ರಮಾಣ. 600 ಮಿ.ಮೀ. ವ್ಯಾಸ, 20 ಮೀಟರ್ ಉದ್ದಕ್ಕೆ ಲೆಕ್ಕದ ಪ್ರಕಾರ 5.65 ಘನ ಮೀಟರ್ ಬೇಕು. ಕೊರೆದ ಗುಂಡಿ ಒರಟಾಗಿರುವುದರಿಂದ ವಾಸ್ತವದಲ್ಲಿ ಇನ್ನೂ ಜಾಸ್ತಿ ಹಿಡಿಯುತ್ತದೆ. ಹಿಡಿದದ್ದು 5 ಅಂತ ಇದ್ದರೆ ಎಲ್ಲೋ ಗುಂಡಿ ಕುಸಿದು ಪೈಲ್ ಸೊಂಟ ಸಣ್ಣಗಾಗಿದೆ, ಅಥವಾ ಉದ್ದವೇ ಕಡಿಮೆ ಇದೆ. ಆಮೇಲೆ ಸಮಯ. ಕೊರೆದು ಮುಗಿಸಿದ್ದು ಸಂಜೆ, ಕಾಂಕ್ರೀಟ್ ಶುರುವಾಗಿದ್ದು ಮರುದಿನ ಬೆಳಿಗ್ಗೆಯೇ? ಕಬ್ಬಿಣದ ಸರಳಿನ ಕೇಜ್ ಇಳಿಸಿದ ಮೇಲೆ ತಳ ಮತ್ತೆ ತೊಳೆದರೇ? ಕಾಂಕ್ರೀಟನ್ನು ತಳಕ್ಕೆ ಇಳಿಸುವ ಟ್ರೆಮಿ ಪೈಪ್ ತುದಿ ಕಾಂಕ್ರೀಟ್‌ನಿಂದ ಹೊರಗೆ ಬಂದಿತ್ತೇ? ಕನಿಷ್ಠ 2 ಮೀಟರ್ ಒಳಗೆ ಇರುವಂತೆ ನೋಡಿಕೊಳ್ಳುವುದು ರೂಢಿ.

ಕರಾವಳಿಯಲ್ಲಿ ಈ ಸಮಯದ ಪ್ರಶ್ನೆಗೆ ಇನ್ನೂ ತೂಕ ಇದೆ. ಮೇಲೆ ಮುರಕಲ್ಲು, ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಒಣಗಿದ್ದಾಗ ಗಟ್ಟಿ. ನೀರು ಹೀರಿದರೆ ಶಕ್ತಿ ಕಳೆದುಕೊಳ್ಳುತ್ತದೆ. ಕೊರೆದ ಗುಂಡಿಯನ್ನು ರಾತ್ರಿಯಿಡೀ ನೀರು ತುಂಬಿಸಿ ಬಿಟ್ಟರೆ ಗೋಡೆಯ ಮಣ್ಣೂ ತಳದ ಮಣ್ಣೂ ಮೆತ್ತಗಾಗುತ್ತವೆ. ಮಣ್ಣಿನ ವರದಿಯಲ್ಲಿ ಗಟ್ಟಿ ಅಂತ ಇರುತ್ತದೆ. ಆ ವರದಿ ಸುಳ್ಳಲ್ಲ, ನೀವು ಕೊರೆದ ಮೇಲೆ ಮಣ್ಣು ಬದಲಾಗಿದೆ.

ದಾಖಲೆಯಲ್ಲಿ ಅನುಮಾನ ಕಂಡರೆ ಇಂಟೆಗ್ರಿಟಿ ಟೆಸ್ಟ್ ಮಾಡಿಸಿ. ಐಎಸ್ 14893 ಇದಕ್ಕೆಂದೇ ಇದೆ. ಸಣ್ಣ ಸುತ್ತಿಗೆಯಿಂದ ತಲೆಗೆ ತಟ್ಟಿ ಪ್ರತಿಧ್ವನಿ ಕೇಳುವುದು. ಕಾಂಕ್ರೀಟ್‌ನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 4,000 ಮೀಟರ್. ನಮ್ಮ ಪೈಲ್ ತಳಕ್ಕೆ ಹೋಗಿ ಬರಲು 10 ಮಿಲಿಸೆಕೆಂಡ್ ಬೇಕು. 4 ಮಿಲಿಸೆಕೆಂಡ್‌ಗೇ ಪ್ರತಿಧ್ವನಿ ಬಂದರೆ 8 ಮೀಟರ್ ಆಳದಲ್ಲಿ ಏನೋ ಬದಲಾವಣೆ ಇದೆ. ಅದು ಸೊಂಟ ಸಣ್ಣಗಾಗಿದ್ದೋ, ಉಬ್ಬಿದ್ದೋ ಅನ್ನುವುದು ಅಲೆಯ ದಿಕ್ಕು ನೋಡಿದರೆ ತಿಳಿಯುತ್ತದೆ. ಆದರೆ ಈ ಟೆಸ್ಟ್ ಪೈಲ್ ಎಷ್ಟು ಟನ್ ಹೊರುತ್ತದೆ ಅಂತ ಹೇಳುವುದಿಲ್ಲ. ಇಂಟೆಗ್ರಿಟಿ ಪಾಸ್ ಅಂತ ತೋರಿಸಿ ಲೋಡ್ ಟೆಸ್ಟ್ ಫೇಲ್ ಆದದ್ದನ್ನು ಮುಚ್ಚಿಹಾಕಲು ಬಂದರೆ ಒಪ್ಪಬೇಡಿ.

ಏನೂ ಇಳಿಯುತ್ತಲೇ ಇಲ್ಲ

ಖುಷಿಪಡುವ ಮುಂಚೆ ಗೇಜ್‌ನ ಕಡ್ಡಿಯ ಕೆಳಗೆ 1 ಮಿ.ಮೀ. ದಪ್ಪದ ತಗಡು ತೂರಿಸಿ ನೋಡಿ. ಮುಳ್ಳು ಒಂದು ಸುತ್ತು ಬರಬೇಕು. ಬರದಿದ್ದರೆ ಗೇಜ್ ಸಿಕ್ಕಿಕೊಂಡಿದೆ, ಅಥವಾ ಕಡ್ಡಿಯ ಓಟ ಮುಗಿದಿದೆ. ಪ್ಲೇಟ್‌ನ ಅಂಚು ಗುಂಡಿಯ ಪಿಸಿಸಿ (ಸರಳಿಲ್ಲದ ಕಾಂಕ್ರೀಟ್ ಹಾಸು) ಮೇಲೆ ಕೂತಿದೆಯೇ ನೋಡಿ. ಕೂತಿದ್ದರೆ ಭಾರ ಹೊರುತ್ತಿರುವುದು ನೆಲ. ಬಂಡೆಯಲ್ಲಿ ಕೂತ ಗಿಡ್ಡ ಪೈಲ್ ನಿಜವಾಗಿಯೂ ಒಂದೆರಡು ಮಿ.ಮೀ.ನಲ್ಲೇ ನಿಲ್ಲಬಹುದು. ಆದರೆ ಪ್ರತಿ ಹಂತಕ್ಕೂ ಸರಿಯಾಗಿ 0.20, 0.40, 0.60 ಅಂತ ಬಂದಿರುವ ರೀಡಿಂಗ್ ಹಾಳೆ ನೋಡಿದರೆ ಅದು ಗುಂಡಿಯಲ್ಲಿ ಬರೆದದ್ದೋ ಟೀ ಅಂಗಡಿಯಲ್ಲಿ ಬರೆದದ್ದೋ ಅಂತ ಕೇಳಬೇಕಾಗುತ್ತದೆ.

ಯಾವಾಗ ಕೈ ಚೆಲ್ಲಿ ಪರಿಣತರನ್ನು ಕರೆಯಬೇಕು

ಗೇಜ್, ಬಾರ್, ಜಾಕ್, ತಲೆ ನಾಲ್ಕೂ ಸರಿ ಇದ್ದು 12 ಮಿ.ಮೀ. ದಾಟಿದ್ದರೆ ಸೈಟ್ ಎಂಜಿನಿಯರ್ ಕೆಲಸ ಮುಗಿಯಿತು. ಮಣ್ಣಿನ ಎಂಜಿನಿಯರ್ ಮತ್ತು ಸ್ಟ್ರಕ್ಚರಲ್ ಎಂಜಿನಿಯರ್ ಒಟ್ಟಿಗೆ ಕೂರಬೇಕು. ಆ ಗುಂಪಿನ ಪೈಲ್‌ಗಳ ತಲೆ ಜೋಡಿಸುವ ಪೈಲ್ ಕ್ಯಾಪ್ ಕೆಲಸ ಅಲ್ಲಿಯವರೆಗೆ ನಿಲ್ಲಲಿ. ಭಾರ ಕಡಿಮೆ ಎಣಿಸುವುದು, ಪಕ್ಕದಲ್ಲಿ ಹೊಸ ಪೈಲ್ ಸೇರಿಸುವುದು, ತಳಕ್ಕೆ ಸಿಮೆಂಟ್ ಗ್ರೌಟ್ ಕೊಡುವುದು, ದಾರಿಗಳು ಇವೆ. ಯಾವುದು ಅನ್ನುವುದು ಅವರ ತೀರ್ಮಾನ. ಬೇಗ ಹಲವು ಪೈಲ್ ನೋಡಬೇಕಿದ್ದರೆ ಭಾರಿ ಸುತ್ತಿಗೆ ಬೀಳಿಸಿ ಅಳೆಯುವ ಹೈ ಸ್ಟ್ರೈನ್ ಡೈನಮಿಕ್ ಟೆಸ್ಟ್ ಕೂಡ ಇದೆ. ಅದೇ ಸೈಟ್‌ನ ಸ್ಟ್ಯಾಟಿಕ್ ಟೆಸ್ಟ್ (ಹೇರು ಇಟ್ಟು ಜಾಕ್‌ನಿಂದ ಒತ್ತುವ ಟೆಸ್ಟ್) ಜೊತೆ ಹೋಲಿಸಿ ನೋಡಿದರೆ ಮಾತ್ರ ಅದರ ಅಂಕಿಗೆ ಬೆಲೆ.

ಆ ಸಭೆಯಲ್ಲಿ ಯಾರಾದರೂ 'ಅದೇ ಪೈಲ್‌ಗೆ ಇನ್ನೊಂದು ಸಲ ಟೆಸ್ಟ್ ಮಾಡಿಬಿಡೋಣ' ಅಂದೇ ಅನ್ನುತ್ತಾರೆ. ಮಾಡಿದರೆ ಬಹುತೇಕ ಪಾಸ್ ಆಗುತ್ತದೆ. ಮೊದಲ ಸಲ ತಳದ ಕೆಸರು ಅದುಮಿಹೋಗಿದೆ, ಇಳಿಯಬೇಕಾದ ಅಷ್ಟೂ ಇಳಿದಾಗಿದೆ. ಆ ಒಂದು ಪೈಲ್ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ಅದೇ ವಾರ, ಅದೇ ರಿಗ್‌ನಲ್ಲಿ, ಅದೇ ತಂಡ ಹಾಕಿದ ಉಳಿದ ಪೈಲ್‌ಗಳ ತಳ ಯಾರೂ ಅದುಮಿಲ್ಲ. ಎರಡನೇ ಟೆಸ್ಟ್‌ನ ದುಡ್ಡನ್ನು ಅವುಗಳಲ್ಲಿ ಒಂದಕ್ಕೆ ಹಾಕಿ. ಯಾವುದಕ್ಕೆ ಅಂತ ಮಾಲೀಕರ ಕಡೆಯ ಎಂಜಿನಿಯರ್ ಆರಿಸಲಿ, ಪೈಲ್ ಹಾಕಿದವರಲ್ಲ.